ದಮ್ಮಿನಿಂದ ಗಡಿಯಾರಕ್ಕೆ: ಕಬಡ್ಡಿ ನಿಯಮಗಳ ನೂರು ವರ್ಷ

ಒಂದು ಆಟದ ಇತಿಹಾಸವನ್ನು ಗೆದ್ದವರ ಹೆಸರು, ಪದಕಗಳ ಸಂಖ್ಯೆ ಮತ್ತು ಪ್ರೇಕ್ಷಕರ ಲೆಕ್ಕಗಳ ಮೂಲಕ ಬರೆಯುವುದು ರೂಢಿಯಾದರೂ, ಆ ಆಟದ ನಿಯಮಗಳು ಯಾವಾಗ, ಯಾರಿಂದ, ಯಾವ ಕಾರಣಕ್ಕೆ ಬದಲಾದವು ಎಂಬುದನ್ನು ಹಿಡಿದು ಹೊರಟರೆ ಅದನ್ನು ಆಡಿದ ಸಮಾಜದ ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಮೂಡುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದು, 2014ರ ನಂತರ ಸಂಬಳ, ಹರಾಜು ಮತ್ತು ದೂರದರ್ಶನ ಪ್ರಸಾರಗಳಿರುವ ವೃತ್ತಿಪರ ಕ್ರೀಡೆಯಾಗಿ ಬೆಳೆದ ಕಬಡ್ಡಿಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಕಳೆದ ನೂರು ವರ್ಷಗಳಲ್ಲಿ ಈ ಆಟದಲ್ಲಿ ಆಗಿರುವ ಬದಲಾವಣೆಗಳೆಲ್ಲ ಕೊನೆಗೆ ಎರಡು ಪ್ರಶ್ನೆಗಳ ಸುತ್ತ ಸುತ್ತುತ್ತವೆ: ದಾಳಿಯ ಅವಧಿಯನ್ನು ಆಟಗಾರನ ಉಸಿರು ಅಳೆಯಬೇಕೋ ಗಡಿಯಾರ ಅಳೆಯಬೇಕೋ ಎಂಬುದು ಮೊದಲನೆಯದು, ಆ ನಿರ್ಧಾರವನ್ನು ತೆಗೆದುಕೊಳ್ಳುವ ಅಧಿಕಾರ ಯಾರದು ಎಂಬುದು ಎರಡನೆಯದು.

ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಕಡಬ ಹೋಬಳಿಯಂಥ ಪ್ರದೇಶದಿಂದ ನೋಡಿದಾಗ ಈ ಪ್ರಶ್ನೆಗಳಿಗೆ ಬೇರೆಯೇ ತೂಕ ಬರುತ್ತದೆ. ದಕ್ಷಿಣ ಕನ್ನಡದಲ್ಲಿ ಇದೇ ಹೆಸರಿನ ತಾಲೂಕೊಂದು ಇರುವುದರಿಂದ ಹೊರಗಿನವರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ತುಮಕೂರು ಸೀಮೆಯ ಕಡಬವು ಶಿಂಷಾ ನದಿಯ ನೀರು ತುಂಬುವ ದೊಡ್ಡ ಕೆರೆಯ ಊರು. ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಕಾಲದ ಕಡಬ ತಾಮ್ರಶಾಸನದಿಂದಾಗಿ ಇತಿಹಾಸಕಾರರಿಗೆ ಪರಿಚಿತವಾದ ಊರು. ದಾನವನ್ನು ತಾಮ್ರದ ಹಲಗೆಯಲ್ಲಿ ಕೊರೆಸಿಟ್ಟ ನಾಡು ತನ್ನ ಆಟದ ಎಲ್ಲೆಗಳನ್ನು ಮಾತ್ರ ಬಾಯಿಮಾತಿನಲ್ಲೇ ಉಳಿಸಿಕೊಂಡು ಬಂದಿತ್ತು. ಗುಬ್ಬಿ, ಕುಣಿಗಲ್ ಮತ್ತು ತುಮಕೂರಿನ ಸುತ್ತಲಿನ ಹಳ್ಳಿಗಳಲ್ಲಿ ರಾಗಿಯ ಒಕ್ಕಣೆ ಮುಗಿದ ಮೇಲೆ ಬರಿದಾದ ಕಣ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ, ಶಾಲೆಯ ಮುಂದಿನ ಬಯಲು ಇವೇ ಅಂಕಣಗಳಾದವು. ಗೆರೆ ಎಲ್ಲಿರಬೇಕು, ಒಂದು ಕಡೆ ಎಷ್ಟು ಜನ ನಿಲ್ಲಬೇಕು, ಔಟಾದವನು ಯಾವಾಗ ಒಳಗೆ ಬರಬೇಕು ಎಂಬುದನ್ನು ಆ ದಿನ ಆ ಊರಿನವರು ಕೂಡಿ ನಿರ್ಧರಿಸುತ್ತಿದ್ದರು.

ಇಂಥ ಸ್ಥಳೀಯ ಒಪ್ಪಂದಗಳು ದೇಶದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ರೂಪ ತಾಳಿದ್ದವು. ಮಹಾರಾಷ್ಟ್ರದಲ್ಲಿ ಹುತುತು, ತಮಿಳುನಾಡಿನಲ್ಲಿ ಸಡುಗುಡು, ಬಂಗಾಳದಲ್ಲಿ ಹಾಡುಡು ಎಂದು ಕರೆಸಿಕೊಂಡ ಆಟಗಳನ್ನು ಒಂದೇ ಚೌಕಟ್ಟಿಗೆ ತರುವ ಕೆಲಸ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮಹಾರಾಷ್ಟ್ರದಲ್ಲಿ ಮೊದಲಾಯಿತು. 1918ರ ಸುಮಾರಿಗೆ ಸತಾರಾದ ಉತ್ಸಾಹಿಗಳು ಆಟಕ್ಕೆ ಒಂದು ಗೊತ್ತಾದ ರೂಪ ಕೊಟ್ಟರು. 1923ರಲ್ಲಿ ಬರೋಡಾದ ಹಿಂದ್ ವಿಜಯ ಜಿಮ್ಖಾನಾ ನಿಯಮಗಳನ್ನು ಪರಿಷ್ಕರಿಸಿ ಪಂದ್ಯಾವಳಿಯನ್ನೂ ನಡೆಸಿತು. ಆಗ ಆಯ್ಕೆಗೆ ಮೂರು ಪದ್ಧತಿಗಳಿದ್ದವು. ಮೊದಲನೆಯದಾದ ಸಂಜೀವಿನಿಯಲ್ಲಿ ಎದುರಾಳಿಯೊಬ್ಬ ಔಟಾದರೆ ತನ್ನ ಕಡೆಯ ಔಟಾದ ಆಟಗಾರನೊಬ್ಬ ಮತ್ತೆ ಜೀವ ಪಡೆದು ಅಂಕಣಕ್ಕೆ ಬರುತ್ತಿದ್ದ. ಗಾಮಿನಿ ಎಂಬ ಎರಡನೆಯ ಪದ್ಧತಿಯಲ್ಲಿ ಔಟಾದವನು ತಂಡವೆಲ್ಲ ಖಾಲಿಯಾಗುವ ತನಕ ಹೊರಗೇ ಕೂರಬೇಕಿತ್ತು. ಆದ್ದರಿಂದ ಅಲ್ಲಿ ಕಾಲದ ಮಿತಿಯೇ ಇರಲಿಲ್ಲ. ಅಮರ್ ಎಂಬ ಮೂರನೆಯದರಲ್ಲಿ ಮುಟ್ಟಿಸಿಕೊಂಡವನೂ ಹೊರಹೋಗದೆ ಆಟ ಮುಂದುವರಿಸುತ್ತಿದ್ದ, ಅಂಕ ಮಾತ್ರ ಎಣಿಕೆಯಾಗುತ್ತಿತ್ತು. ಇಂದು ಜಗತ್ತು ಕಬಡ್ಡಿ ಎಂದು ಗುರುತಿಸುವುದು ಸಂಜೀವಿನಿಯ ವಂಶವನ್ನು. ಸತ್ತವನು ಮತ್ತೆ ಎದ್ದುಬರುವ ಅವಕಾಶ, ಜೊತೆಗೆ ಗಂಟೆಯ ಲೆಕ್ಕದಲ್ಲಿ ಮುಗಿಯುವ ಪಂದ್ಯ ಇವೆರಡೂ ಸೇರಿದ ಪದ್ಧತಿ ಅದೊಂದೇ ಆಗಿದ್ದರಿಂದ ಅದು ಉಳಿಯಿತು ಎಂದು ತರ್ಕಿಸಬಹುದು.

1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಆಟವನ್ನು ಪ್ರದರ್ಶಿಸಿದ್ದು, 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಸ್ಥಾಪನೆಯಾದದ್ದು, 1952ರಲ್ಲಿ ಮದರಾಸಿನಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದು, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಆಟವಾದದ್ದು ಇವೆಲ್ಲ ಪದೇ ಪದೇ ಹೇಳಲಾಗಿರುವ ಸಂಗತಿಗಳು. ಆ ಅವಧಿಯಲ್ಲಿ ಅಂಕಣಕ್ಕೆ ಅಳತೆ ಬಂತು. ಪುರುಷರಿಗೆ 13 ಮೀಟರ್ ಉದ್ದ 10 ಮೀಟರ್ ಅಗಲ, ಮಹಿಳೆಯರಿಗೆ 12 ಮೀಟರ್ ಉದ್ದ 8 ಮೀಟರ್ ಅಗಲ, ಪ್ರತಿ ಕಡೆ ಏಳು ಮಂದಿ, ಪುರುಷರಿಗೆ 20 ನಿಮಿಷಗಳ ಎರಡು ಅವಧಿ, ಮಹಿಳೆಯರಿಗೆ 15 ನಿಮಿಷಗಳ ಎರಡು ಅವಧಿ, ಜೊತೆಗೆ ದೇಹತೂಕದ ಮಿತಿ ಎಂಬ ಸಂಖ್ಯೆಗಳು ಈಗ ಶಾಲಾ ಮಕ್ಕಳಿಗೂ ಗೊತ್ತು. ಆಟದ ಪ್ರಾಣವಾಗಿದ್ದ ಒಂದು ನಿಯಮ ಮಾತ್ರ ಈ ಎಲ್ಲ ಅಳತೆಗಳ ನಡುವೆಯೂ ಅಳತೆಗೆ ಸಿಗದೆ ಉಳಿದಿತ್ತು.

ಅದು ದಮ್ಮಿನ ನಿಯಮ. ರೈಡರ್ ಎಂದು ಕರೆಯಲಾಗುವ ದಾಳಿಗಾರನು ಮಧ್ಯರೇಖೆ ದಾಟುವ ಮೊದಲೇ ‘ಕಬಡ್ಡಿ’ ಎಂಬ ಪದವನ್ನು ಸ್ಪಷ್ಟವಾಗಿ, ಗಟ್ಟಿಯಾಗಿ, ಎಲ್ಲಿಯೂ ತುಂಡಾಗದಂತೆ, ಒಂದೇ ಉಸಿರಿನಲ್ಲಿ ಹೇಳುತ್ತಾ ಹೋಗಿ, ಎದುರಾಳಿಗಳನ್ನು ಮುಟ್ಟಿ, ಅದೇ ಉಸಿರಿನಲ್ಲಿ ಹಿಂದಿರುಗಬೇಕು. ನಡುವೆ ಉಸಿರು ಎಳೆದುಕೊಂಡರೆ ಅವನು ಔಟು. ನಿಯಮ ಪುಸ್ತಕಗಳು ಇದನ್ನು ‘ಕ್ಯಾಂಟ್’ ಎಂದು ಕರೆದರೆ ಹಳ್ಳಿಯ ಮಾತಿನಲ್ಲಿ ಇದು ‘ದಮ್ಮು ಕಟ್ಟುವುದು’. ಈ ಒಂದು ನಿಯಮದಿಂದಾಗಿ ದಾಳಿಯ ಅವಧಿಯನ್ನು ಹೊರಗಿನ ಯಾವ ಸಾಧನವೂ ಅಳೆಯಬೇಕಾಗಿರಲಿಲ್ಲ. ಆಟಗಾರನ ಎದೆಗೂಡೇ ಗಡಿಯಾರವಾಗಿತ್ತು. ದೊಡ್ಡ ಎದೆಯವನಿಗೆ ದೊಡ್ಡ ದಾಳಿ, ಹಿಡಿತಕ್ಕೆ ಸಿಕ್ಕಿಬಿದ್ದವನಿಗೆ ಹೋರಾಟದ ಜೊತೆಗೆ ಉಸಿರಿನ ಕಾಟ. ರಕ್ಷಣೆಗೆ ನಿಂತವರು ಅವನನ್ನು ಕೆಡವಬೇಕೆಂದೇನೂ ಇರಲಿಲ್ಲ, ದಮ್ಮು ಮುಗಿಯುವ ತನಕ ತಡೆದು ನಿಲ್ಲಿಸಿದರೆ ಸಾಕಿತ್ತು.

ಕೆರೆಯಂಗಳದ ಪಂದ್ಯವೊಂದರಲ್ಲಿ ಈ ನಿಯಮ ಹೇಗೆ ನಡೆಯುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಿದರೆ ಅದರ ಸೊಗಸೂ ತೊಡಕೂ ಒಟ್ಟಿಗೆ ಕಾಣುತ್ತವೆ. ಕಲ್ಲು ಆರಿಸಿ, ನೀರು ಚಿಮುಕಿಸಿ ಹದ ಮಾಡಿದ ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು ಎರಡು ಮೂರು ದಾಳಿಗಳಲ್ಲೇ ಕಾಲ್ತುಳಿತಕ್ಕೆ ಅಳಿಸಿಹೋಗುತ್ತಿದ್ದವು. ದಾಳಿಗಾರನು ನಾಲ್ಕೈದು ಮಂದಿಯ ಕೆಳಗೆ ಬಿದ್ದು, ಬಾಯಿಗೆ ಮಣ್ಣು ಸೇರಿದ ಸ್ಥಿತಿಯಲ್ಲಿ ‘ಕಬಡ್ಡಿ’ ಎಂಬ ಮಾತು ಬರಿಯ ‘ಡ್ಡಿ ಡ್ಡಿ’ ಎಂಬ ಗೊಣಗಾಗುತ್ತಿತ್ತು. ಅಂಪೈರು ಮಂಡಿಯೂರಿ ಕಿವಿಯನ್ನು ಅವನ ಮುಖದ ಹತ್ತಿರ ತಂದು ಆಲಿಸುತ್ತಿದ್ದ. ಸುತ್ತ ನಿಂತ ಅರ್ಧ ಊರು ‘ದಮ್ಮು ಬಿಟ್ಟ’ ಎಂದು ಕೂಗಿದರೆ ಇನ್ನರ್ಧ ಊರು ‘ಇಲ್ಲ, ಇನ್ನೂ ಇದೆ’ ಎಂದು ಕೂಗುತ್ತಿತ್ತು. ತೀರ್ಪು ಒಬ್ಬ ಮನುಷ್ಯನ ಕಿವಿಯನ್ನು ನೆಚ್ಚಿಕೊಂಡಿತ್ತು. ಪಕ್ಕದೂರಿನ ತಂಡ ಅರ್ಧಕ್ಕೇ ಆಟ ಬಿಟ್ಟು ಹೊರಟುಹೋಗುವ ಜಗಳಗಳಲ್ಲಿ ಬಹುಪಾಲು ಹುಟ್ಟುತ್ತಿದ್ದುದು ಇಲ್ಲಿಂದಲೇ. ಆದರೂ ಕಬಡ್ಡಿಯನ್ನು ಕುಸ್ತಿ ಮತ್ತು ಓಟಗಳಿಂದ ಬೇರ್ಪಡಿಸಿ ಅದಕ್ಕೆ ತನ್ನದೇ ಗುರುತು ಕೊಟ್ಟದ್ದು ಈ ಉಸಿರು ಎಂಬುದರಲ್ಲಿ ಅನುಮಾನವಿಲ್ಲ.

2014ರ ಜುಲೈ 26ರಂದು ಮುಂಬೈಯಲ್ಲಿ ಎಂಟು ತಂಡಗಳೊಂದಿಗೆ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಈ ಗುರುತು ಬದಲಾಗುವ ಕಾಲ ಬಂದಿತ್ತು. ಉದ್ಯಮಿ ಆನಂದ್ ಮಹೀಂದ್ರ ಮತ್ತು ಕ್ರೀಡಾ ವೀಕ್ಷಕ ವಿವರಣೆಗಾರ ಚಾರು ಶರ್ಮ ಅವರು ಸ್ಥಾಪಿಸಿದ ಮಶಾಲ್ ಸ್ಪೋರ್ಟ್ಸ್ ಈ ಲೀಗಿನ ಹಿಂದಿತ್ತು. ಬೆಂಗಳೂರು ಬುಲ್ಸ್ ಮೊದಲ ಎಂಟು ತಂಡಗಳಲ್ಲಿ ಒಂದು. ಮಣ್ಣಿನ ಬದಲು ಮ್ಯಾಟ್, ಬರಿಗಾಲಿನ ಬದಲು ಶೂ, ಬಯಲಿನ ಬದಲು ದೀಪಗಳ ಒಳಾಂಗಣ ಬಂದದ್ದು ಕಣ್ಣಿಗೆ ಕಾಣುವ ಬದಲಾವಣೆ. ಅದಕ್ಕಿಂತ ಆಳವಾದದ್ದು ದಾಳಿಗೆ 30 ಸೆಕೆಂಡುಗಳ ಮಿತಿ ಎಲ್ಲರ ಕಣ್ಣೆದುರಿಗೆ ಸ್ಥಿರಪಟ್ಟದ್ದು. ‘ಕಬಡ್ಡಿ’ ಎಂಬ ಕೂಗು ನಿಯಮದಲ್ಲಿ ಉಳಿಯಿತು, ಆದರೆ ದಾಳಿಯ ಅಂತ್ಯವನ್ನು ನಿರ್ಧರಿಸುವ ಅಧಿಕಾರ ಉಸಿರಿನಿಂದ ಪರದೆಯ ಮೂಲೆಯಲ್ಲಿ ಇಳಿಯುತ್ತಾ ಹೋಗುವ ಅಂಕಿಗೆ ವರ್ಗವಾಯಿತು. ದೂರದರ್ಶನದ ಮುಂದೆ ಕುಳಿತವನಿಗೆ ಆಟಗಾರನ ಉಸಿರು ಕೇಳಿಸದು, ಗಡಿಯಾರ ಮಾತ್ರ ಕಾಣಿಸುತ್ತದೆ ಎಂಬ ಸರಳ ಕಾರಣಕ್ಕಾಗಿಯೇ ಈ ವರ್ಗಾವಣೆ ಅನಿವಾರ್ಯವಾಗಿತ್ತು.

ಗಡಿಯಾರದ ಜೊತೆಗೆ ಇನ್ನೆರಡು ನಿಯಮಗಳು ವೃತ್ತಿಪರ ಕಬಡ್ಡಿಯ ಲಕ್ಷಣಗಳಾದವು. ದಾಳಿಗಾರನೊಬ್ಬ ಯಾರನ್ನೂ ಮುಟ್ಟದೆ, ಯಾರ ಕೈಗೂ ಸಿಗದೆ, ಬಾಕ್ ಲೈನ್ ಎಂಬ ಮೊದಲ ಗೆರೆಯನ್ನಷ್ಟೇ ದಾಟಿ ಹಿಂದಿರುಗಿದರೆ ಅದು ಖಾಲಿ ದಾಳಿ. ಹಳೆಯ ಪದ್ಧತಿಯಲ್ಲಿ ಮುನ್ನಡೆ ಪಡೆದ ತಂಡವು ಇಂಥ ಖಾಲಿ ದಾಳಿಗಳನ್ನೇ ಮಾಡುತ್ತಾ ಸಮಯ ಕಳೆಯಬಹುದಿತ್ತು. ಇದನ್ನು ತಡೆಯಲು, ಒಂದು ತಂಡವು ಸತತ ಎರಡು ಖಾಲಿ ದಾಳಿ ಮಾಡಿದರೆ ಅದರ ಮೂರನೆಯ ದಾಳಿಯಲ್ಲಿ ಅಂಕ ಬರಲೇಬೇಕು, ಬಾರದಿದ್ದರೆ ದಾಳಿಗಾರ ಔಟು ಎಂಬ ನಿಯಮ ಬಂತು. ‘ಮಾಡು ಇಲ್ಲವೇ ಮಡಿ’ ದಾಳಿ ಎಂಬ ಹೆಸರು ಕನ್ನಡ ವೀಕ್ಷಕ ವಿವರಣೆಯ ಮೂಲಕ ಮನೆಮಾತಾಯಿತು. ಎರಡನೆಯದು ಸೂಪರ್ ಟ್ಯಾಕಲ್. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಕರು ಉಳಿದಿರುವಾಗ ಅವರು ದಾಳಿಗಾರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ. ತಂಡವೆಲ್ಲ ಔಟಾದಾಗ ಎದುರಾಳಿಗೆ ಸಿಗುವ ಎರಡು ಹೆಚ್ಚುವರಿ ಅಂಕಗಳಿಗೆ, ಅಂದರೆ ಲೋನಾಗೆ, ಇದು ಒಂದು ಬಗೆಯ ಪ್ರತಿಭಾರ. ಸೋಲುತ್ತಿರುವವನ ಕೈಗೆ ಮರಳಿ ಬರುವ ದಾರಿಯನ್ನು ಕೊಡುವ ಈ ನಿಯಮ ಹಳೆಯ ಸಂಜೀವಿನಿಯ ಮನೋಧರ್ಮಕ್ಕೆ ಎಷ್ಟು ಹೊಂದಿಕೊಳ್ಳುತ್ತದೆ ಎಂದರೆ, ಲೀಗ್ ತಂದ ಬದಲಾವಣೆಗಳಲ್ಲಿ ಅತ್ಯುತ್ತಮವಾದದ್ದು ಇದೇ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಮಾಡು ಇಲ್ಲವೇ ಮಡಿ ನಿಯಮದ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು. ಖಾಲಿ ದಾಳಿಗಳನ್ನು ತೊಲಗಿಸಲು ಹುಟ್ಟಿದ ಈ ನಿಯಮವು ಕೆಲವೇ ವರ್ಷಗಳಲ್ಲಿ ಎರಡು ಖಾಲಿ ದಾಳಿಗಳಿಗೆ ಪರವಾನಗಿಯಂತೆ ಬಳಕೆಯಾಗತೊಡಗಿತು. ತಂಡಗಳು ಮೊದಲೆರಡು ಸರದಿಗಳಲ್ಲಿ ಅಪಾಯಕ್ಕೆ ಒಡ್ಡಿಕೊಳ್ಳದೆ ಬಾಕ್ ಲೈನ್ ಮುಟ್ಟಿ ಮರಳಿ, ಮೂರನೆಯದಕ್ಕೆ ಮಾತ್ರ ಅದಕ್ಕೆಂದೇ ಇಟ್ಟುಕೊಂಡ ದಾಳಿಗಾರನನ್ನು ಕಳುಹಿಸುವ ತಂತ್ರವನ್ನು ರೂಢಿಸಿಕೊಂಡವು. ಎದುರಿನ ರಕ್ಷಕರೂ ಮೊದಲೆರಡು ದಾಳಿಗಳಲ್ಲಿ ಮುನ್ನುಗ್ಗದೆ ಮೂರನೆಯದಕ್ಕೆ ಹೊಂಚು ಹಾಕಿ ಕಾದರು. ಎರಡೂ ಕಡೆಯವರು ಲೆಕ್ಕಾಚಾರದಲ್ಲಿ ಜಾಣರಾದಷ್ಟೂ ಆಟದ ಮೂರನೆಯ ಎರಡು ಭಾಗ ನಿರ್ಜೀವವಾಗುವ ಅಪಾಯ ಎದುರಾಯಿತು. ಆಟ ಬಲ್ಲವರಲ್ಲಿ ಈ ಕುರಿತು ಚರ್ಚೆ ಈಗಲೂ ಮುಗಿದಿಲ್ಲ. ನಿಯಮ ಹುಟ್ಟಿದ ಮರುದಿನದಿಂದಲೇ ಆಟಗಾರನು ಅದರ ಅಂಚನ್ನು ಹುಡುಕುತ್ತಾನೆ, ಹುಡುಕುವುದು ಅವನ ವೃತ್ತಿಧರ್ಮವೂ ಹೌದು. ಆದ್ದರಿಂದ ನಿಯಮ ರೂಪಿಸುವವರು ಅದನ್ನು ಜಾರಿಗೆ ತರುವ ಮೊದಲು ಕೆಳಹಂತದ ಪಂದ್ಯಾವಳಿಗಳಲ್ಲಿ ಪರೀಕ್ಷಿಸಿ ನೋಡುವುದು ಅಗತ್ಯವಾಗುತ್ತದೆ.

ಹೊಸ ನಿಯಮಗಳಿಗೆ ತಕ್ಕ ಹೊಸ ಬಗೆಯ ಆಟಗಾರನೂ ರೂಪುಗೊಂಡ ಎಂಬುದಕ್ಕೆ ಆಗ ಬೆಂಗಳೂರು ಬುಲ್ಸ್ ತಂಡದಲ್ಲಿದ್ದ ಪವನ್ ಸೆಹ್ರಾವತ್ ಉದಾಹರಣೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೆಯ ಋತುವಿನ ಫೈನಲ್‌ನಲ್ಲಿ ಬುಲ್ಸ್ ತಂಡವು ಗುಜರಾತ್ ವಿರುದ್ಧ ಅರ್ಧಾವಧಿಯಲ್ಲಿ ಹಿಂದಿದ್ದರೂ 38–33ರಿಂದ ಗೆದ್ದಾಗ ಅದರ 22 ಅಂಕಗಳು ಅವನೊಬ್ಬನವು; ಅದೇ ವರ್ಷ ಹರಿಯಾಣ ಸ್ಟೀಲರ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ ಅವನು 39 ಅಂಕ ಗಳಿಸಿದ. ದಮ್ಮು ಕಟ್ಟಿ ದೀರ್ಘಕಾಲ ಎದುರಾಳಿಯ ಅಂಗಳದಲ್ಲಿ ಸುಳಿದಾಡುವ ಹಳೆಯ ಶೈಲಿಯ ಜಾಗದಲ್ಲಿ ಹಿಡಿಯಲು ಬಂದವರ ತಲೆಯ ಮೇಲಿಂದ ಒಂದೇ ನೆಗೆತಕ್ಕೆ ಮಧ್ಯರೇಖೆಗೆ ಹಾರುವ ಸ್ಫೋಟಕ ಶೈಲಿ ನೆಲೆಗೊಂಡಿತು. ಮ್ಯಾಟ್ ಮತ್ತು ಗಡಿಯಾರ ಎರಡೂ ಇಲ್ಲದೆ ಈ ಶೈಲಿ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ.

ಹಳೆಯ ಮತ್ತು ಹೊಸ ಕಾಲಗಳೆರಡನ್ನೂ ಬಲ್ಲವರು ಕರ್ನಾಟಕದಲ್ಲಿ ಕಡಿಮೆಯಿಲ್ಲ. 2000ದಲ್ಲಿ ಅರ್ಜುನ ಪ್ರಶಸ್ತಿ ಪಡೆದ ಸಿ. ಹೊನ್ನಪ್ಪ ಮತ್ತು 2001ರಲ್ಲಿ ಅದೇ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಲೀಗ್ ಪೂರ್ವಕಾಲದ ಆಟಗಾರರು. ಇವರಲ್ಲಿ ರಮೇಶ್ ಅವರು ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ಪ್ರಶಸ್ತಿ ಗೆಲ್ಲಿಸಿಕೊಟ್ಟು, ಒಂದು ಕಾಲದ ಜ್ಞಾನವನ್ನು ಇನ್ನೊಂದು ಕಾಲದ ನಿಯಮಕ್ಕೆ ಒಗ್ಗಿಸಬಹುದು ಎಂದು ತೋರಿಸಿದರು. ಕಾರ್ಕಳ ಸೀಮೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. 2016ರಲ್ಲಿ ಪುರುಷರ ಲೀಗ್ ಜೊತೆಗೆ ಮೂರು ತಂಡಗಳ ಮಹಿಳಾ ಪಂದ್ಯಾವಳಿ ನಡೆದಾಗ ಫೈನಲ್ ಆಡಿದ ಎರಡೂ ತಂಡಗಳ ನಾಯಕಿಯರು ಕನ್ನಡತಿಯರೇ ಆಗಿದ್ದರು: ಒಂದು ಕಡೆ ಮಮತಾ, ಇನ್ನೊಂದು ಕಡೆ ತೇಜಸ್ವಿನಿ ಬಾಯಿ. ತೇಜಸ್ವಿನಿಯವರ ತಂಡ ಒಂದೇ ಅಂಕದಿಂದ ಗೆದ್ದ ಆ ಪಂದ್ಯ ರೋಚಕತೆಯಲ್ಲಿ ಪುರುಷರ ಯಾವ ಪಂದ್ಯಕ್ಕೂ ಕಡಿಮೆಯಿರಲಿಲ್ಲ. ಮಹಿಳೆಯರ ವೃತ್ತಿಪರ ಕಬಡ್ಡಿ ಅದರ ಬೆನ್ನಿಗೇ ನಿರಂತರವಾಗಿ ಬೆಳೆಯದೆ ಹೋದದ್ದು ಈ ಇತಿಹಾಸದ ದುಃಖದ ಪುಟ.

ನಿಯಮವನ್ನು ಬದಲಿಸುವ ಅಧಿಕಾರ ಯಾರದು ಎಂಬ ಎರಡನೆಯ ಪ್ರಶ್ನೆ 2018ರ ನಂತರ ತೀವ್ರವಾಯಿತು. ಆ ವರ್ಷ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ, 1990ರಿಂದ ಸತತ ಏಳು ಬಾರಿ ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನ್‌ಗೆ 18–27ರಿಂದ ಸೋತಿತು; ಮಹಿಳೆಯರೂ ಫೈನಲ್‌ನಲ್ಲಿ ಇರಾನ್‌ಗೇ ಸೋತರು. ಅದೇ ವರ್ಷ ರಾಷ್ಟ್ರೀಯ ಫೆಡರೇಷನ್ನಿನ ಆಡಳಿತದ ಕುರಿತ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟ್ ಮಧ್ಯಪ್ರವೇಶಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. ಅಸಮಾಧಾನಗೊಂಡವರು ಕಟ್ಟಿದ ಪರ್ಯಾಯ ಸಂಸ್ಥೆಯ ಬೆಂಬಲದೊಂದಿಗೆ 2019ರ ಮೇ ತಿಂಗಳಲ್ಲಿ ಇಂಡೋ ಇಂಟರ್‌ನ್ಯಾಷನಲ್ ಪ್ರೀಮಿಯರ್ ಕಬಡ್ಡಿ ಲೀಗ್ ಎಂಬ ಇನ್ನೊಂದು ಲೀಗ್ ಹುಟ್ಟಿ, ಪುಣೆಯ ಜೊತೆಗೆ ಮೈಸೂರು ಮತ್ತು ಬೆಂಗಳೂರುಗಳಲ್ಲಿ ತನ್ನ ಪಂದ್ಯಗಳನ್ನು ಆಡಿಸಿತು. ಅಲ್ಲಿ 20 ನಿಮಿಷಗಳ ಎರಡು ಅವಧಿಗಳ ಬದಲು 10 ನಿಮಿಷಗಳ ನಾಲ್ಕು ಅವಧಿಗಳಿದ್ದವು. ಹೀಗೆ ಕರ್ನಾಟಕದ ಪ್ರೇಕ್ಷಕರು ಒಂದೇ ವರ್ಷದಲ್ಲಿ, ಒಂದೇ ಹೆಸರಿನ ಆಟವನ್ನು ಎರಡು ಬಗೆಯ ಕಾಲಮಾನದಲ್ಲಿ ನೋಡಬೇಕಾಯಿತು.

ಇದೇ ಕಾಲಘಟ್ಟದಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಕೂಡ ಗಡಿಯಾರದ ಪ್ರಶ್ನೆಯನ್ನೇ ಎದುರಿಸುತ್ತಿತ್ತು ಎಂಬುದನ್ನು ಹೋಲಿಕೆಗಾಗಿ ಇಲ್ಲಿ ನೆನೆಯಬಹುದು. ಶತಮಾನಕ್ಕೂ ಮಿಕ್ಕಿ ಗಡಿಯಾರವೇ ಇಲ್ಲದ ಆಟವೆಂದು ಹೆಮ್ಮೆಪಟ್ಟುಕೊಂಡಿದ್ದ ಬೇಸ್‌ಬಾಲ್‌ನಲ್ಲಿ ಪಂದ್ಯಗಳು ಮೂರು ಗಂಟೆ ಮೀರತೊಡಗಿದಾಗ, ಚೆಂಡೆಸೆಯುವವನು ಓಟಗಾರರಿಲ್ಲದಿದ್ದರೆ 15 ಸೆಕೆಂಡುಗಳಲ್ಲಿ, ಇದ್ದರೆ 20 ಸೆಕೆಂಡುಗಳಲ್ಲಿ ಎಸೆಯಬೇಕು ಎಂಬ ನಿಯಮವನ್ನು 2023ರ ಋತುವಿನಿಂದ ಜಾರಿಗೆ ತರಲಾಯಿತು. ಪಂದ್ಯದ ಸರಾಸರಿ ಅವಧಿ ಒಂದೇ ವರ್ಷದಲ್ಲಿ ಸುಮಾರು 24 ನಿಮಿಷ ಇಳಿಯಿತು. ಕಬಡ್ಡಿಯವರು ಗಮನಿಸಬೇಕಾದದ್ದು ಅಲ್ಲಿನ ವಿಧಾನವನ್ನು. ಆ ನಿಯಮವನ್ನು ಕೆಳಹಂತದ ಲೀಗುಗಳಲ್ಲಿ ವರ್ಷಗಟ್ಟಲೆ ಪ್ರಯೋಗಿಸಿ ನೋಡಲಾಗಿತ್ತು. ತೀರ್ಮಾನ ಕೈಗೊಂಡ 11 ಮಂದಿಯ ಸಮಿತಿಯಲ್ಲಿ ಮಾಲೀಕರ ಪರವಾಗಿ ಆರು, ಆಟಗಾರರ ಪರವಾಗಿ ನಾಲ್ಕು, ಅಂಪೈರುಗಳ ಪರವಾಗಿ ಒಂದು ಸ್ಥಾನವಿತ್ತು. ನಾಲ್ವರು ಆಟಗಾರರೂ ಗಡಿಯಾರದ ವಿರುದ್ಧ ಮತ ಹಾಕಿ ಸೋತರು. ಸೋತರೂ ಅವರ ವಿರೋಧ ದಾಖಲೆಯಲ್ಲಿ ಉಳಿಯಿತು, ನಿಯಮವು ಯಾವ ದಿನದಿಂದ, ಯಾವ ಮಾತುಗಳಲ್ಲಿ ಜಾರಿಗೆ ಬರುತ್ತದೆ ಎಂಬುದು ಎಲ್ಲರಿಗೂ ಮೊದಲೇ ತಿಳಿಯಿತು. ಕ್ರಿಕೆಟ್‌ನಲ್ಲಿಯೂ 18ನೆಯ ಶತಮಾನದ ಕೊನೆಯಿಂದ ಲಂಡನ್ನಿನ ಎಂಸಿಸಿ ಎಂಬ ಒಂದೇ ಸಂಸ್ಥೆ ನಿಯಮಾವಳಿಯ ಒಡೆತನ ಹೊಂದಿರುವುದರಿಂದ, ಮೂಲ ಪಠ್ಯ ಯಾವುದು ಎಂಬ ಗೊಂದಲ ಏಳುವುದಿಲ್ಲ.

ಕಬಡ್ಡಿಯಲ್ಲಿ ಅಂಥ ಗೊಂದಲ ಎಷ್ಟು ದುಬಾರಿಯಾಗಬಲ್ಲದು ಎಂಬುದು 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ಜಗತ್ತಿನ ಮುಂದೆ ಬಯಲಾಯಿತು. ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್‌ನಲ್ಲಿ ಭಾರತ ಮತ್ತು ಇರಾನ್ 28–28ರಲ್ಲಿ ಸಮನಾಗಿದ್ದವು, ಉಳಿದದ್ದು ಒಂದು ನಿಮಿಷದ ಆಸುಪಾಸು. ದಾಳಿಗೆ ಹೋದವನು ಭಾರತದ ನಾಯಕ ಪವನ್ ಸೆಹ್ರಾವತ್. ಅಂಕಣದ ಎರಡೂ ಪಕ್ಕಗಳಲ್ಲಿ ಲಾಬಿ ಎಂಬ ಒಂದು ಮೀಟರ್ ಅಗಲದ ಪಟ್ಟಿ ಇರುತ್ತದೆ. ದಾಳಿಗಾರ ಮತ್ತು ರಕ್ಷಕರ ನಡುವೆ ಸ್ಪರ್ಶವಾದ ಮೇಲೆ ಮಾತ್ರ ಅದು ಆಟದ ಭಾಗವಾಗುತ್ತದೆ, ಅಲ್ಲಿಯ ತನಕ ಅದು ಹೊರಗಿನ ನೆಲ. ಪವನ್ ಯಾರನ್ನೂ ಮುಟ್ಟುವ ಮೊದಲೇ ಆ ಪಟ್ಟಿಯ ಮೇಲೆ ಕಾಲಿಟ್ಟ. ಅವನನ್ನು ಹಿಡಿಯಲೆಂದು ಇರಾನಿನ ರಕ್ಷಕರೂ ಅವನ ಬೆನ್ನಹಿಂದೆಯೇ ಲಾಬಿಗೆ ನುಗ್ಗಿದರು.

ಹಳೆಯ ನಿಯಮದ ಪ್ರಕಾರ ಸ್ಪರ್ಶವಿಲ್ಲದೆ ಲಾಬಿಗೆ ಹೋದ ದಾಳಿಗಾರನೂ ಔಟು, ಅವನನ್ನು ಹಿಂಬಾಲಿಸಿ ಹೋದ ರಕ್ಷಕರೆಲ್ಲರೂ ಔಟು. ಹಾಗೆ ಎಣಿಸಿದರೆ ಭಾರತಕ್ಕೆ ನಾಲ್ಕು ಅಂಕ, ಇರಾನಿಗೆ ಒಂದು. ವೃತ್ತಿಪರ ಲೀಗಿನಲ್ಲಿ ಬಳಕೆಗೆ ಬಂದಿದ್ದ ಹೊಸ ನಿಯಮದ ಪ್ರಕಾರವಾದರೆ ದಾಳಿಗಾರ ಲಾಬಿ ಮುಟ್ಟಿದ ಕ್ಷಣವೇ ದಾಳಿ ಮುಗಿಯುತ್ತದೆ, ಆಮೇಲೆ ಯಾರು ಎಲ್ಲಿಗೆ ಹೋದರೂ ಅದಕ್ಕೆ ಬೆಲೆಯಿಲ್ಲ. ಅಧಿಕಾರಿಗಳು ಮೊದಲು ಒಂದು ತೀರ್ಪು ಕೊಟ್ಟು, ಆಕ್ಷೇಪ ಬಂದಾಗ ಅದನ್ನು ಬದಲಿಸಿ, ಎದುರು ಪಕ್ಷದ ಆಕ್ಷೇಪ ಬಂದಾಗ ಮತ್ತೆ ಬದಲಿಸಿದರು. ಆಟಗಾರರು ಪ್ರತಿಭಟಿಸಿ ಅಂಕಣದಲ್ಲೇ ಕುಳಿತರು. ಚಿನ್ನದ ಪದಕದ ಪಂದ್ಯ ಸುಮಾರು ಒಂದು ಗಂಟೆ ನಿಂತುಹೋಯಿತು. ಕೊನೆಗೆ ಹಳೆಯ ನಿಯಮ ಎತ್ತಿಹಿಡಿಯಲ್ಪಟ್ಟು ಭಾರತ 33–29ರಿಂದ ಗೆದ್ದಿತು. ಇರಾನ್ ತಂಡದ ನಾಯಕ ಫಜಲ್ ಅತ್ರಾಚಲಿಯಂಥವರು ವರ್ಷಗಳಿಂದ ಭಾರತದ ಲೀಗಿನಲ್ಲಿ ಆಡಿ ಹೊಸ ನಿಯಮಕ್ಕೆ ಒಗ್ಗಿಹೋಗಿದ್ದವರು. ಭಾರತದ ಆಟಗಾರರೂ ಅದೇ ಲೀಗಿನವರು. ಎರಡೂ ತಂಡಗಳು ಪ್ರತಿವರ್ಷ ತಿಂಗಳುಗಟ್ಟಲೆ ಆಡುವ ನಿಯಮ ಒಂದು, ಪದಕ ನಿರ್ಧರಿಸಿದ ನಿಯಮ ಇನ್ನೊಂದು. ಆ ದಿನ ತಪ್ಪು ಮಾಡಿದವರು ಪವನ್ ಅಥವಾ ಅವನನ್ನು ಹಿಂಬಾಲಿಸಿದ ರಕ್ಷಕರು ಎನ್ನುವುದಕ್ಕಿಂತ, ಎರಡು ನಿಯಮಾವಳಿಗಳನ್ನು ಏಕಕಾಲಕ್ಕೆ ಜೀವಂತವಾಗಿ ಇಟ್ಟುಕೊಂಡ ವ್ಯವಸ್ಥೆಯೇ ತಪ್ಪಿತಸ್ಥ ಎನ್ನುವುದು ನ್ಯಾಯ. ಕೆರೆಯಂಗಳದಲ್ಲಿ ದಮ್ಮಿನ ಬಗ್ಗೆ ಎದ್ದ ಜಗಳಕ್ಕೆ ಕಿವಿಯ ಮಿತಿ ಕಾರಣವಾಗಿತ್ತು. ಹಾಂಗ್‌ಝೌನಲ್ಲಿ ಕ್ಯಾಮೆರಾಗಳಿದ್ದವು, ಎಲ್ಲರೂ ಎಲ್ಲವನ್ನೂ ಕಂಡಿದ್ದರು, ಆದರೂ ಜಗಳ ಬಗೆಹರಿಯಲು ಒಂದು ಗಂಟೆ ಬೇಕಾಯಿತು.

ಬದಲಾವಣೆಗಳು ಅಲ್ಲಿಗೆ ನಿಲ್ಲಲಿಲ್ಲ. ಲೀಗಿನ ಹಳೆಯ ಪದ್ಧತಿಯಲ್ಲಿ ಗೆದ್ದವರಿಗೆ ಐದು, ಸಮಬಲಕ್ಕೆ ಮೂರು, ಏಳು ಅಥವಾ ಅದಕ್ಕಿಂತ ಕಡಿಮೆ ಅಂಕಗಳ ಅಂತರದಿಂದ ಸೋತವರಿಗೆ ಒಂದು ಅಂಕ ಸಿಗುತ್ತಿತ್ತು. 2025ರ ಹನ್ನೆರಡನೆಯ ಋತುವಿನಲ್ಲಿ ಸಮಬಲವನ್ನೇ ಕೈಬಿಟ್ಟು, ಲೀಗ್ ಹಂತದ ಪಂದ್ಯಗಳಿಗೂ ಐದೈದು ದಾಳಿಗಳ ಟೈಬ್ರೇಕರ್ ತಂದು, ಗೆದ್ದವರಿಗೆ ಎರಡು, ಸೋತವರಿಗೆ ಸೊನ್ನೆ ಎಂದು ಸರಳಗೊಳಿಸಲಾಯಿತು. ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಋತು ಆರಂಭವಾದ ಮೊದಲ ದಿನವೇ ಬೆಂಗಳೂರು ಬುಲ್ಸ್ ಮತ್ತು ಪುಣೇರಿ ಪಲ್ಟನ್ ಸಮಬಲ ಸಾಧಿಸಿ, ಟೈಬ್ರೇಕರ್‌ನಲ್ಲಿ ಬುಲ್ಸ್ ಸೋತಿತು. ಆಗ ಬುಲ್ಸ್ ತರಬೇತುದಾರರಾಗಿದ್ದವರು ಪುಣೆಯನ್ನು ಹಿಂದೆ ಚಾಂಪಿಯನ್ ಮಾಡಿದ್ದ ಅದೇ ಬಿ.ಸಿ. ರಮೇಶ್. ನಲವತ್ತು ನಿಮಿಷ ಸಮಸಮವಾಗಿ ಹೋರಾಡಿದ ತಂಡ ಬರಿಗೈಯಲ್ಲಿ ಮರಳುವುದು ಪ್ರೇಕ್ಷಕನಿಗೆ ರೋಮಾಂಚಕವಾಗಿರಬಹುದು, ಆದರೆ ಸಮಬಲಕ್ಕೂ ಒಂದು ಗೌರವವಿದೆ ಎಂಬ ಹಳೆಯ ತಿಳಿವಳಿಕೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಬಾರದಿತ್ತು.

ಇವೆಲ್ಲದರ ಪ್ರತಿಧ್ವನಿ ಕೊನೆಗೆ ತಲುಪುವುದು ಹೋಬಳಿ ಮಟ್ಟದ ಅಂಕಣವನ್ನು. ಗುಬ್ಬಿ ಮತ್ತು ಕುಣಿಗಲ್ ತಾಲೂಕುಗಳಲ್ಲಿ, ರಾಜ್ಯದ ಬೇರೆಲ್ಲ ಕಡೆಗಳಂತೆಯೇ, ಶಾಲಾ ಮಕ್ಕಳು ಹೋಬಳಿ, ತಾಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಕ್ರೀಡಾಕೂಟಗಳಲ್ಲಿ ಕಬಡ್ಡಿ ಆಡುತ್ತಾರೆ; ಯುವಕ ಸಂಘಗಳು ಗಣೇಶೋತ್ಸವ ಮತ್ತು ರಾಜ್ಯೋತ್ಸವದ ಸಮಯದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳನ್ನು ನಡೆಸುತ್ತವೆ. ಅಲ್ಲಿ ತೀರ್ಪು ಕೊಡುವವರು ಬಹುಮಟ್ಟಿಗೆ ದೈಹಿಕ ಶಿಕ್ಷಣ ಶಿಕ್ಷಕರು ಅಥವಾ ಹಿಂದೆ ಆಡಿದ್ದ ಹಿರಿಯರು. ಆಡುವ ಹುಡುಗರು ನಿಯಮ ಕಲಿತಿರುವುದು ಟಿವಿಯಿಂದ ಮತ್ತು ಮೊಬೈಲಿನಿಂದ, ತೀರ್ಪುಗಾರರು ಕಲಿತಿರುವುದು ಹಳೆಯ ಪುಸ್ತಕದಿಂದ ಮತ್ತು ಅನುಭವದಿಂದ. ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ ದಾಟಿದ ಹುಡುಗ, ಆ ಅಂಕಕ್ಕೆ ಬೇಕಾದಂತೆ ಹಿಂದಿನ ಕಾಲು ಗಾಳಿಯಲ್ಲಿತ್ತು ಎನ್ನುತ್ತಾನೆ, ಅಳಿಸಿಹೋದ ಸುಣ್ಣದ ಗೆರೆಯ ಮೇಲೆ ಹಿಮ್ಮಡಿಯ ಗುರುತು ಹುಡುಕುತ್ತಾ ನಿಂತ ಮೇಷ್ಟ್ರಿಗೆ ರೀಪ್ಲೇ ನೋಡುವ ಸೌಲಭ್ಯವಿಲ್ಲ. ಮೂರನೆಯ ಖಾಲಿ ದಾಳಿಗೆ ಔಟು ಕೊಡಬೇಕೋ ಬೇಡವೋ, ಲಾಬಿಗೆ ಹಿಂಬಾಲಿಸಿ ಹೋದವರನ್ನು ಹೊರಗೆ ಕಳುಹಿಸಬೇಕೋ ಬೇಡವೋ ಎಂಬ ಹಾಂಗ್‌ಝೌ ಪ್ರಶ್ನೆಯೇ ಅಲ್ಲಿ ನೂರು ಜನರ ಮುಂದೆ ಏಳುತ್ತದೆ, ಅದನ್ನು ಒಬ್ಬ ಶಿಕ್ಷಕ ಒಂದು ನಿಮಿಷದಲ್ಲಿ ಬಗೆಹರಿಸಬೇಕಾಗುತ್ತದೆ.

ಉಸಿರಿನಿಂದ ಗಡಿಯಾರಕ್ಕೆ ಬಂದದ್ದು ಒಟ್ಟಾರೆ ನ್ಯಾಯವಾದ ವಿನಿಮಯವೇ ಆಗಿತ್ತು; ಕಿವಿಯ ಅನುಮಾನಕ್ಕಿಂತ ಕಣ್ಣಿಗೆ ಕಾಣುವ ಅಂಕಿ ಆಟಗಾರನಿಗೂ ತೀರ್ಪುಗಾರನಿಗೂ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಇನ್ನು ಮುಂದೆ ನಿಯಮ ತಿದ್ದುವವರು, ಅವರು ಅಂತಾರಾಷ್ಟ್ರೀಯ ಫೆಡರೇಷನ್ನಿನವರಾಗಲಿ ಲೀಗಿನವರಾಗಲಿ, ಮಣ್ಣಿನಲ್ಲೂ ಮ್ಯಾಟಿನಲ್ಲೂ ಆಡಿದ ಆಟಗಾರರಿಗೆ ಮತ್ತು ತೀರ್ಪುಗಾರರಿಗೆ ಸಮಿತಿಯಲ್ಲಿ ಸ್ಥಾನ ಕೊಡಬೇಕು, ಒಂದೇ ಆಟಕ್ಕೆ ಒಂದೇ ಪಠ್ಯ ಇರುವಂತೆ ನೋಡಿಕೊಳ್ಳಬೇಕು. ಪ್ರತಿ ತಿದ್ದುಪಡಿಯನ್ನೂ ರಾಜ್ಯದ ಕ್ರೀಡಾ ಇಲಾಖೆ ಮತ್ತು ಶಿಕ್ಷಣ ಇಲಾಖೆಗಳು ತಿಳಿಗನ್ನಡದಲ್ಲಿ, ಚಿತ್ರ ಸಮೇತ ಅಚ್ಚು ಹಾಕಿಸಿ, ಹೋಬಳಿ ಕ್ರೀಡಾಕೂಟಗಳು ಆರಂಭವಾಗುವ ಮೊದಲೇ ಕಡಬದಂಥ ಊರುಗಳ ದೈಹಿಕ ಶಿಕ್ಷಣ ಶಿಕ್ಷಕರ ಕೈಗೆ ತಲುಪಿಸಲಿ.